ನಮ್ಮ ಹಿತ್ತಲಲ್ಲಿ ಗುಂಡು ಎಸೆದವಳು

ಹೋದ ತಿಂಗಳು ಅವಳಿಂದ ಫೋನಿಗೆ ಒಂದು ಫೋಟೊ ಬಂತು. ಮುಖವಿಲ್ಲ, ಬರೀ ಕತ್ತು. ಬಲಗಿವಿಯ ಕೆಳಗೆ, ದವಡೆ ಮುಗಿಯುವ ಜಾಗದಲ್ಲಿ, ನಾನು ವರ್ಷಗಟ್ಟಲೆ ನೋಡಿದ್ದ ಒರಟು ಕಪ್ಪು ಕಲೆ ಮಾಯವಾಗಿತ್ತು. ಕಬ್ಬಿಣದ ಗುಂಡನ್ನು ದಿನಾ ಅದೇ ಜಾಗಕ್ಕೆ ಒತ್ತಿ ಹಿಡಿದು ಆಗಿದ್ದ ಕಲೆ ಅದು. ಫೋಟೊದ ಕೆಳಗೆ ಒಂದೇ ಸಾಲು: 'ನೋಡಿ, ಚರ್ಮ ವಾಪಸ್ ಬಂತು.' ಅವಳು ಗುಂಡು ಎಸೆತ ಬಿಟ್ಟಿದ್ದಾಳೆ ಎನ್ನುವುದು ನನಗೆ ತಿಳಿದದ್ದು ಹೀಗೆ. ಇಂಥ ಸುದ್ದಿಯನ್ನು ಫೋನ್ ಮಾಡಿ ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಗೊಣಗಿಕೊಂಡೇ ಹೋಗಿ ಕುಕ್ಕರ್ ಇಟ್ಟೆ. ಆಮೇಲೆ ಬಂದು ಇನ್ನೊಮ್ಮೆ ಫೋಟೊ ನೋಡಿದೆ.

ನಾನು ಫಿಸಿಯೋಥೆರಪಿಸ್ಟ್. ಮೈಸೂರಿನಲ್ಲಿ ಓದಿ, ಸ್ಯಾನ್ ಡಿಯಾಗೊದಲ್ಲಿ ಇಪ್ಪತ್ತು ಚಿಲ್ಲರೆ ವರ್ಷದಿಂದ ಜನರ ಮಂಡಿ, ಭುಜ, ಸೊಂಟ ರಿಪೇರಿ ಮಾಡುತ್ತಾ ಬಂದವಳು. ಸ್ಕ್ರಿಪ್ಸ್ ರ್ಯಾಂಚ್‌ನ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಬಹಳಷ್ಟು ಜನ ಕಂಪ್ಯೂಟರ್ ಮುಂದೆ ಕೂತು ಕತ್ತು ಹಿಡಿಸಿಕೊಂಡ ನಮ್ಮ ಬೆಂಗಳೂರಿನವರೇ. ಹೇಳಿಕೊಟ್ಟ ವ್ಯಾಯಾಮ ಮಾಡುವುದಿಲ್ಲ. ಮುಂದಿನ ವಾರ ಬಂದು 'ಆಂಟಿ, ಇನ್ನೂ ನೋಯ್ತಾ ಇದೆ' ಎಂದು ರಾಗ ಎಳೆಯುತ್ತಾರೆ. ಅಂಥವರನ್ನು ಗದರಿಸಿ ಗದರಿಸಿ ನನ್ನ ಬಾಯಿ ಸ್ವಲ್ಪ ಕೆಟ್ಟಿದೆ ಎಂದು ನನ್ನ ಗಂಡನ ದೂರು.

2020ರ ಶುರುವಿನಲ್ಲಿ ಅಂಥ ಕ್ಲಿನಿಕ್ಕಿಗೆ ಬಾಗಿಲು ತುಂಬುವಷ್ಟು ಎತ್ತರ ಅಗಲದ ಒಬ್ಬ ಹೆಂಗಸು ಬಂದಳು. ಬಲಗೈಯ ನಡುಬೆರಳಿನ ಬುಡ ಊದಿತ್ತು. ಏನು ಕೆಲಸ ಎಂದು ಕೇಳಿದೆ. "ಬೆಳಗ್ಗೆ ಇನ್ಶೂರೆನ್ಸ್, ಮಧ್ಯಾಹ್ನ ಗುಂಡು" ಎಂದಳು. (ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ನನ್ನ ಬಾಯಿಗೆ ಬಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಬೆಳಗಿನ ಜಾವ ಎದ್ದು ಫೋನಿನ ಮುಂದೆ ಕೂತು, ಕೆನಡಾದಲ್ಲಿ ಜಿಂಕೆಗೆ ಕಾರು ಗುದ್ದಿದವರ ಗೋಳು ಕೇಳಿ ಸಮಾಧಾನ ಹೇಳುವುದು ಅವಳ ಉದ್ಯೋಗ. ಊಟವಾದ ಮೇಲೆ ನಾಲ್ಕು ಕೆಜಿ ಕಬ್ಬಿಣದ ಗುಂಡನ್ನು ಸಂಜೆಯವರೆಗೆ ಎಸೆಯುವುದು ಅವಳ ಬದುಕು. ಊರು ಬಿಟ್ಟು ತರಬೇತಿಗೆಂದು ಇಲ್ಲಿಗೆ ಬಂದು ನೆಲೆಸಿದ್ದಳು; ತಾನು ಕೆನಡಾದ ಚಾಂಪಿಯನ್ ಎಂದು ಮಾತ್ರ ಬಾಯಿಬಿಡಲಿಲ್ಲ. ಅವಳು ಹೋದ ಮೇಲೆ ನಮ್ಮ ರಿಸೆಪ್ಷನಿಸ್ಟ್ ಫೋನಿನಲ್ಲಿ ಹುಡುಕಿ, ಪದಕ ಹಾಕಿಕೊಂಡ ಫೋಟೊಗಳನ್ನು ಒಂದಾದ ಮೇಲೊಂದು ತೋರಿಸಿದಳು.

ಬೆರಳಿಗೆ ದಿನಕ್ಕೆ ಮೂರು ಸಲ ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟಾಗ ಅವಳು ಕೇಳಿದ ಪ್ರಶ್ನೆ ನನಗೆ ಹೊಸದು. "ಮೂರೇ ಸಲನಾ? ನಾಲ್ಕು ಸಲ ಮಾಡಿದ್ರೆ ಕೆಡುತ್ತಾ?"

"ಕೆಡುತ್ತೆ."

"ಹಾಗಾದ್ರೆ ಮೂರು" ಎಂದು ಒಪ್ಪಿಕೊಂಡಳು, ಬಹಳ ಬೇಜಾರಿನಿಂದ. ಹೇಳಿದ್ದನ್ನು ಮಾಡದ ರೋಗಿಗಳು ನನಗೆ ಗೊತ್ತಿತ್ತು. ಇವಳನ್ನು ತಡೆಯುವುದೇ ಕೆಲಸವಾಗಲಿದೆ ಎಂದು ಅವತ್ತೇ ಅನ್ನಿಸಿತು.

ಎರಡನೆಯ ಸಲ ಬಂದಾಗ, ಯಾಕಿಷ್ಟು ಆತುರ ಎಂದು ಕೇಳಿದೆ. ಅವಳು ಮೂವತ್ತು ದಾಟಿದವಳು. ದೇಶದ ಪಟ್ಟ ಹಲವು ಸಲ ಗೆದ್ದಿದ್ದರೂ ಒಲಿಂಪಿಕ್ಸ್‌ಗೆ ಬೇಕಾದ ದೂರವನ್ನು ಒಮ್ಮೆಯೂ ಮುಟ್ಟಿರಲಿಲ್ಲ. "ಎರಡು ಸಲ ಸೋಫಾ ಮೇಲೆ ಕೂತು ಟಿವಿಯಲ್ಲಿ ನೋಡಿದೀನಿ. ಒಂದೇ ಒಂದು ಸಲ ಅಲ್ಲಿಗೆ ಹೋಗಿ ಎಸೀಬೇಕು. ಪದಕ ಗಿದಕ ಬೇಡ. ಹೋಗಬೇಕು ಅಷ್ಟೇ" ಎಂದಳು. ಅಳುಮುಖ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ನಾಳೆ ಅಂಗಡಿಗೆ ಹೋಗಬೇಕು ಎನ್ನುವ ಹಾಗೆ ಹೇಳಿದಳು.

ಆಮೇಲೆ ಕೊರೊನಾ ಬಂತು. ಕೆನಡಾ ತನ್ನವರನ್ನು ಆ ವರ್ಷದ ಟೋಕಿಯೊ ಒಲಿಂಪಿಕ್ಸ್‌ಗೆ ಕಳಿಸುವುದಿಲ್ಲ ಎಂದಿತು. ಕೂಟವೇ ಒಂದು ವರ್ಷ ಮುಂದಕ್ಕೆ ಹೋಯಿತು. ಅವಳು ಅಭ್ಯಾಸ ಮಾಡುತ್ತಿದ್ದ ಮೈದಾನಕ್ಕೆ ಬೀಗ ಬಿತ್ತು, ನನ್ನ ಕ್ಲಿನಿಕ್ಕಿಗೂ ಬಿತ್ತು. ಒಂದು ದಿನ ಫೋನ್ ಮಾಡಿದಳು. "ನಿಮ್ಮ ಹಿತ್ತಲಲ್ಲಿ ಕಾಂಕ್ರೀಟ್ ಕಟ್ಟೆ ಇದೆ ಅಂದಿದ್ರಲ್ಲ. ಎಷ್ಟು ಅಗಲ?"

ಇದ್ದದ್ದು ನಿಜ. ನಮಗೆ ಮನೆ ಮಾರಿದವರು ಹಿತ್ತಲಲ್ಲಿ ಬಿಸಿನೀರಿನ ತೊಟ್ಟಿ ಇಟ್ಟುಕೊಂಡಿದ್ದರು. ತೊಟ್ಟಿ ತೆಗೆಸಿದ ಮೇಲೆ ಅದರ ಕೆಳಗಿನ ಕಾಂಕ್ರೀಟ್ ಹಾಸು, ಕಾಂಪೌಂಡ್ ಗೋಡೆಗೆ ಅಂಟಿಕೊಂಡು, ಯಾವ ಉಪಯೋಗಕ್ಕೂ ಬಾರದೆ ಬಿದ್ದಿತ್ತು. ಅದರ ಎದುರಿಗೆ ಉದ್ದಕ್ಕೆ ಮಣ್ಣಿನ ಜಾಗ, ಕೊನೆಯಲ್ಲಿ ದಿಬ್ಬ, ದಿಬ್ಬದ ಮೇಲೆ ನೀಲಗಿರಿ ಮರಗಳು. ನನ್ನ ಗಂಡ ಟೆಲಿಕಾಂ ಇಂಜಿನಿಯರ್. ಮನೆಯಲ್ಲೇ ಕೂತು ಮೀಟಿಂಗ್ ಮಾಡಿ ಮಾಡಿ ಅವರಿಗೂ ತಲೆ ಕೆಟ್ಟಿತ್ತು. "ಬರ್ಲಿ ಬಿಡು, ಹೊರಗಿಂದ ಹೊರಗೇ ಬಂದು ಹೋಗ್ತಾಳೆ" ಎಂದವರೇ ಟೇಪ್ ತೆಗೆದುಕೊಂಡು ಹೋಗಿ ಅಳತೆ ಮಾಡಿದರು. ಗುಂಡು ಎಸೆಯುವವರು ನಿಲ್ಲಬೇಕಾದ ನಿಯಮದ ವೃತ್ತ ಬಿಳಿ ಬಣ್ಣದಲ್ಲಿ ಸರಿಯಾಗಿ ಕೂತಿತು. ಅದರ ಹಿಂಬದಿ ಮಾತ್ರ ಗೋಡೆಗೆ ಮುತ್ತಿಡುತ್ತಿತ್ತು.

ಆಗ ನಮ್ಮತ್ತೆಗೆ ಎಂಬತ್ತು ದಾಟಿತ್ತು. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ಮೊದಲ ದಿನ ಅವರು ಗಾಜಿನ ಬಾಗಿಲ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು.

"ಏನೇ ಅದು ಅವಳ ಕೈಲಿ? ಒರಳುಗುಂಡಾ?"

"ಕಬ್ಬಿಣದ ಗುಂಡು ಅತ್ತೆ. ಅದನ್ನ ದೂರ ಎಸೀಬೇಕು."

"ಎಸೆದು?"

"ಮತ್ತೆ ಹೋಗಿ ತರಬೇಕು."

ಅತ್ತೆ ಕುರ್ಚಿಯನ್ನು ಗಾಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ನಮ್ಮ ಬೀದೀಲಿ ಗರಡಿ ಮನೆ ಇತ್ತು. ಪೈಲ್ವಾನ್ರು ಹಿಂಗೇ ಇರ್ತಿದ್ರು, ಯಾರ ತಂಟೆಗೂ ಬರ್ತಿರ್ಲಿಲ್ಲ" ಎಂದು ತೀರ್ಪು ಕೊಟ್ಟರು. ಅಲ್ಲಿಂದ ಮುಂದೆ ಅವಳ ಅಭ್ಯಾಸಕ್ಕೆ ಒಬ್ಬ ಖಾಯಂ ಪ್ರೇಕ್ಷಕಿ ಸಿಕ್ಕಿದಂತಾಯಿತು. ಗುಂಡು ಬಿದ್ದಾಗೆಲ್ಲ ನಮ್ಮ ಪಾತ್ರೆ ಸ್ಟ್ಯಾಂಡು ಸಣ್ಣಗೆ ಅದುರುತ್ತಿತ್ತು. ಪಕ್ಕದ ಮನೆಯಾತ ಗೋಡೆಯ ಮೇಲಿಂದ ಇಣುಕಿ, ಏನು ಕಟ್ಟಿಸುತ್ತಿದ್ದೀರಿ ಎಂದು ಕೇಳಿದ. ನನ್ನ ಗಂಡ ಗಂಭೀರವಾಗಿ "ಕೆನಡಾ" ಎಂದರು.

ಆ ದಿನಗಳಲ್ಲೇ ಅವಳು ಒಂದು ಹುಚ್ಚು ಕೆಲಸಕ್ಕೆ ಕೈಹಾಕಿದಳು. ಗುಂಡು ಎಸೆಯುವುದರಲ್ಲಿ ಎರಡು ರೀತಿ. ಒಂದು, ಬೆನ್ನು ಮಾಡಿ ನಿಂತು ನೇರವಾಗಿ ಹಿಂದಕ್ಕೆ ಜಾರಿ ಬಂದು ಎಸೆಯುವುದು; ಅವಳು ಶಾಲೆಯಿಂದ ಮಾಡಿಕೊಂಡು ಬಂದದ್ದು, ದೇಶದ ಪಟ್ಟ ಗೆದ್ದದ್ದು ಅದರಿಂದ. ಇನ್ನೊಂದು, ವೃತ್ತದೊಳಗೆ ಗಿರ್ರನೆ ಒಂದೂವರೆ ಸುತ್ತು ತಿರುಗಿ ಎಸೆಯುವುದು. ಸರಿಯಾಗಿ ಬಂದರೆ ಹೆಚ್ಚು ದೂರ, ತಪ್ಪಿದರೆ ಗುಂಡು ಎಲ್ಲೋ, ಎಸೆದವರು ಎಲ್ಲೋ. ಮೂವತ್ತು ದಾಟಿದವರು ಯಾರೂ ಹಳೆಯದನ್ನು ಬಿಟ್ಟು ಇದನ್ನು ಕಲಿಯಲು ಹೊರಡುವುದಿಲ್ಲವಂತೆ. ಲಾಂಗ್ ಬೀಚ್‌ನಲ್ಲಿದ್ದ ಅವಳ ಕೋಚ್ ವಿಡಿಯೋ ಕರೆಯಲ್ಲಿ ತಲೆ ಚಚ್ಚಿಕೊಂಡ. ನಾನೂ ಹೇಳಿದೆ, ನಿನ್ನ ಮಂಡಿ ತಡೆಯುವುದಿಲ್ಲ ಎಂದು.

ಅವಳು ಗುಂಡನ್ನು ಬಟ್ಟೆಯಿಂದ ಒರೆಸುತ್ತಾ ಹೇಳಿದಳು. "ಹಳೇ ರೀತೀಲಿ ಎಷ್ಟು ದೂರ ಹೋಗುತ್ತೆ ಅಂತ ನಂಗೆ ಗೊತ್ತು. ಅದು ಸಾಲಲ್ಲ ಅಂತಾನೂ ಗೊತ್ತು. ಗೊತ್ತಿದ್ದೂ ಅದನ್ನೇ ಮಾಡ್ತಾ ಕೂರಲಾ?"

ನಾನು ಅವಳ ಮಂಡಿಗೆ ಹಾಕಲು ಪಟ್ಟಿ ಕೊಟ್ಟೆ.

ಮೊದಮೊದಲು ಗುಂಡು ದಿಕ್ಕು ಕೇಳದೆ ಹಾರಿತು. ಒಂದು ಮಧ್ಯಾಹ್ನ ನಮ್ಮತ್ತೆಯ ಹೀರೆಕಾಯಿ ಚಪ್ಪರಕ್ಕೇ ಬಿತ್ತು. ಮೈತುಂಬ ಹೂ ಬಿಟ್ಟಿದ್ದ ಬಳ್ಳಿ. ಅತ್ತೆ ಮಾಸ್ಕ್ ಹಾಕಿಕೊಂಡು ಕೋಲೂರಿಕೊಂಡು ಹೊರಗೆ ಬಂದು, ಮೈಸೂರು ಕನ್ನಡದಲ್ಲಿ ಅವಳನ್ನು ಝಾಡಿಸಿದರು. ಒಂದಕ್ಷರ ಅರ್ಥವಾಗದಿದ್ದರೂ ಆ ಮಹಾಕಾಯದವಳು ಕೈಕಟ್ಟಿ ತಲೆತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಮರುದಿನ ಕಬ್ಬಿಣದ ಕೊಳವೆಗಳನ್ನು ಹೊತ್ತು ತಂದು ಹೊಸ ಚಪ್ಪರ ನಿಲ್ಲಿಸಿಕೊಟ್ಟಳು. ಆ ಚಪ್ಪರ ಈಗ ನಮ್ಮ ಮನೆಗಿಂತ ಗಟ್ಟಿಯಾಗಿದೆ.

ಅದಾದ ಮೇಲೆ ಅವರಿಬ್ಬರಿಗೂ ದೋಸ್ತಿ ಬೆಳೆಯಿತು. ಕೊರೊನಾ ತಗ್ಗಿದ ಮೇಲೆ ಅವಳು ಅಭ್ಯಾಸ ಮುಗಿಸಿ ಒಳಗೆ ಬಂದು ಊಟಕ್ಕೆ ಕೂರುತ್ತಿದ್ದಳು. ಬಡಿಸುವುದು ಅತ್ತೆಯೇ; ವಿಮಾನ ಮತ್ತೆ ಹಾರತೊಡಗಿದರೂ ಅವರು ಊರಿಗೆ ಹೊರಟಿರಲಿಲ್ಲ. ಮೊದಲ ಸಲ ರಾಗಿಮುದ್ದೆ ಹಾಕಿದಾಗ ಅವಳು ಅದನ್ನು ತಟ್ಟೆಯಿಂದೆತ್ತಿ ಅಂಗೈಯಲ್ಲಿ ಆಡಿಸಿ ತೂಕ ನೋಡಿದಳು; ಆಮೇಲೆ ಬೆರಳುಗಳ ಬುಡಕ್ಕೆ ತಂದು ಕತ್ತಿಗೆ ಹಿಡಿದಳು. ಅತ್ತೆ "ಎಸೀಬೇಡ್ವೇ, ತಿನ್ನೇ!" ಎಂದು ಕೂಗಿಕೊಂಡರು. ಅತ್ತೆ ಉಪಚಾರ ಮಾಡುತ್ತಾ "ಇನ್ನೊಂದು?" ಎಂದು ಕೇಳುತ್ತಿದ್ದುದರಿಂದ ಅವಳು ಕಲಿತ ಕನ್ನಡ ಪದ ಅದೊಂದೇ. ಹಿತ್ತಲಲ್ಲಿ ಸಾಕು ನಿಲ್ಲಿಸು ಎಂದು ನಾನು ಕೂಗಿದರೆ ಬೆರಳೆತ್ತಿ "ಇನ್ನೊಂದು" ಎನ್ನುತ್ತಿದ್ದಳು. ಆ ಇನ್ನೊಂದು ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿರುತ್ತಿದ್ದ.

ಟೋಕಿಯೊ ಕೈತಪ್ಪಿತು. ಹೊಸ ರೀತಿ ಇನ್ನೂ ಕೂತಿರಲಿಲ್ಲ. ಹಳೆಯದು ಮೈಯಿಂದ ಬಿಟ್ಟುಹೋಗಿತ್ತು. ಆ ವರ್ಷ ಕೆನಡಾದ ಪಟ್ಟವೂ ಬೇರೆಯವರ ಪಾಲಾಯಿತು. ಟೋಕಿಯೊದ ಫೈನಲ್ ನಮಗೆ ಇಲ್ಲಿ ಸಂಜೆ. ಅವಳು ನಮ್ಮ ಮನೆಗೇ ಬಂದು ನೋಡಿದಳು, ಆದರೆ ಸೋಫಾ ಮೇಲೆ ಕೂರಲು ಒಪ್ಪಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಬ್ಬೊಬ್ಬರ ಕಾಲು ಎಲ್ಲಿ ಬೀಳುತ್ತದೆ ಎಂದು ನೋಡಿದಳು. ನನ್ನ ಗಂಡ ಸಮಾಧಾನ ಹೇಳಲು ಬಾಯಿ ತೆಗೆದರು. ನಾನು ಕಣ್ಣಲ್ಲೇ ಸುಮ್ಮನಿರಿಸಿದೆ. ಟಿವಿ ಆರಿಸಿದ ಮೇಲೆ ಹೊರಗೆ ಹೋಗಿ ಕತ್ತಲಾಗುವವರೆಗೆ ಗುಂಡಿಲ್ಲದೆ ಸುಮ್ಮನೆ ಸುತ್ತು ಹಾಕಿದಳು.

ಮರುವರ್ಷ ಪಟ್ಟ ವಾಪಸ್ ಗೆದ್ದಳು. ಸುತ್ತಿ ಎಸೆದೇ ಗೆದ್ದಳು. ಆ ಸಂಭ್ರಮದಲ್ಲಿ ನಾನು ಅವಳನ್ನು ಲಾಸ್ ಏಂಜಲೀಸ್‌ಗೆ, ಪೋರ್ಟರ್ ರ್ಯಾಂಚ್‌ನಲ್ಲಿ ಮನೆ ಕೊಂಡ ನನ್ನ ಗೆಳತಿಯ ಗೃಹಪ್ರವೇಶಕ್ಕೆ ಕರೆದುಕೊಂಡು ಹೋದೆ. ಇಬ್ಬರು ಗಂಡಸರು ಏದುಸಿರು ಬಿಡುತ್ತಾ ಎತ್ತಲು ನೋಡುತ್ತಿದ್ದ ಬಿಸಿಬೇಳೆಬಾತಿನ ಕೊಳಗವನ್ನು ಅವಳೊಬ್ಬಳೇ ಗ್ಯಾರೇಜಿನಿಂದ ಒಳಗೆ ತಂದು, ಹಾಲಿನ ಪಾತ್ರೆ ಇಳಿಸುವಷ್ಟು ನಾಜೂಕಾಗಿ ಇಟ್ಟಳು. ನಿವೃತ್ತ ಡಾಕ್ಟರ್ ಅಂಕಲ್ ಒಬ್ಬರು, ನಮ್ಮವರು ಯಾರನ್ನಾದರೂ ಕೇಳಿಯೇ ಕೇಳುವ ಪ್ರಶ್ನೆಯನ್ನು ಅವಳಿಗೂ ಕೇಳಿದರು. "ಅಲ್ಲಮ್ಮಾ, ಇಷ್ಟು ದೂರ ಎಸೆದ್ರೆ ಕೊನೆಗೆ ಸಿಗೋದಾದ್ರೂ ಏನು?"

ಅವಳು ನಿಜವಾಗಿಯೂ ಯೋಚನೆ ಮಾಡಿದಳು. "ಇನ್ನೂ ಸ್ವಲ್ಪ ದೂರ ಎಸೆಯೋಕೆ ಅವಕಾಶ ಸಿಗುತ್ತೆ" ಎಂದಳು. ಅಂಕಲ್ ಜಿಲೇಬಿ ತೆಗೆದುಕೊಳ್ಳಲು ಎದ್ದು ಹೋದರು.

ಅದರ ಮುಂದಿನ ವರ್ಷ ನಾನು ಹೆದರಿದ್ದೇ ಆಯಿತು. ಮಂಡಿ ಕೈಕೊಟ್ಟು ಆಪರೇಷನ್ ಆಯಿತು. ಆರು ತಿಂಗಳು ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದಳು. ಮಂಡಿ ಬಗ್ಗಿಸುವಾಗ ಪ್ರಾಣ ಹೋಗುವಷ್ಟು ನೋವು. ಬೇರೆಯವರು ನನ್ನ ವಂಶವನ್ನೇ ಬೈಯುತ್ತಾರೆ. ಅವಳು ಚಾವಣಿ ನೋಡುತ್ತಾ, ಜಿಂಕೆಗೆ ಗುದ್ದಿದವರ ಕಥೆಗಳನ್ನು ಒಂದಾದ ಮೇಲೊಂದು ಹೇಳುತ್ತಿದ್ದಳು. ನೋವು ಹೆಚ್ಚಾದಷ್ಟೂ ಕಥೆಯ ಜಿಂಕೆ ದೊಡ್ಡದಾಗುತ್ತಿತ್ತು. ಒಂದು ದಿನ ಅದು ಕಾರಿಗಿಂತ ದೊಡ್ಡದಾದಾಗ ನಾನು ಕೈ ನಿಲ್ಲಿಸಿದೆ. ಅವಳ ಕಣ್ಣಂಚಿನಲ್ಲಿ ನೀರಿತ್ತು. "ನಿಲ್ಲಿಸಿದ್ದು ಯಾಕೆ?" ಎಂದು ರೇಗಿದಳು.

ಆಟವಾಡದೆ ಕೂತ ಆ ವರ್ಷದಲ್ಲಿ ಅವಳ ರ‍್ಯಾಂಕಿಂಗ್ ಪಾತಾಳಕ್ಕೆ ಹೋಗಿತ್ತು. ಪ್ಯಾರಿಸ್‌ಗೆ ಹೋಗಲು ಇದ್ದದ್ದು ಒಂದೇ ದಾರಿ, ಅರ್ಹತೆಯ ದೂರವನ್ನು ಎಸೆಯುವುದು. 2024ರ ವಸಂತದಲ್ಲಿ ಲಾಂಗ್ ಬೀಚ್‌ನ ಕಾಲೇಜು ಮೈದಾನದಲ್ಲೊಂದು ಕೂಟವಿತ್ತು. ಗಡುವಿನೊಳಗೆ ಅವಳಿಗೆ ಸಿಗುವ ಕೊನೆಯ ಅವಕಾಶ ಅದು. ವಯಸ್ಸಿನ ಲೆಕ್ಕದಲ್ಲಿ ಇನ್ನೊಂದು ಒಲಿಂಪಿಕ್ಸ್ ಇಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದಿನ ವಾರವೆಲ್ಲ, ಮೈದಾನದ ಗಲಾಟೆ ಬೇಡವೆಂದು, ನಮ್ಮ ಹಿತ್ತಲಲ್ಲೇ ಎಸೆದಳು. ಆ ಒಂದು ವಾರ ಅವಳ ಸುತ್ತು ಎಷ್ಟು ಹಗುರಾಗಿತ್ತೆಂದರೆ ನೋಡುತ್ತಾ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ನಾನು, ನನ್ನ ಗಂಡ, ಅತ್ತೆ ಮೂವರೂ ಪುಳಿಯೋಗರೆ ಕಟ್ಟಿಕೊಂಡು ಡ್ರೈವ್ ಮಾಡಿಕೊಂಡು ಹೋದೆವು. ಅತ್ತೆಯ ಗಾಲಿಕುರ್ಚಿಯನ್ನು ಬೇಲಿಗೆ ಒತ್ತಿಸಿ ನಿಲ್ಲಿಸಿದೆವು. ಅರ್ಹತೆಯ ದೂರಕ್ಕೆ ಸರಿಯಾಗಿ ಗೆರೆಯ ಪಕ್ಕ ಒಂದು ಪುಟ್ಟ ಹಳದಿ ಬಾವುಟ ನೆಟ್ಟಿದ್ದರು. ಪ್ರತಿಯೊಬ್ಬರಿಗೂ ಆರು ಎಸೆತ. ಅವಳ ಮೊದಲ ನಾಲ್ಕೂ ಬಾವುಟದ ಈಚೆಗೇ ಬಿದ್ದವು.

ಐದನೆಯದು ಕೈಯಿಂದ ಹೊರಟಾಗಲೇ ನನಗೆ ಗೊತ್ತಾಯಿತು. ಗುಂಡು ಹಳದಿ ಬಾವುಟವನ್ನು ದಾಟಿ, ಧಾರಾಳವಾಗಿ ದಾಟಿ, ಬಿತ್ತು. ವಿದ್ಯಾರ್ಥಿಗಳು ಹೋ ಎಂದರು. ನನ್ನ ಗಂಡ ಪುಳಿಯೋಗರೆ ಡಬ್ಬಿ ಕೈಬಿಟ್ಟರು. ಅವಳು ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ ನಗುತ್ತಾ, ಬಿದ್ದ ಗುಂಡಿನ ಕಡೆಗೆ ವೃತ್ತದಿಂದ ಆಚೆ ಕಾಲಿಟ್ಟಳು.

ಕೆಂಪು ಬಾವುಟ ಮೇಲೆದ್ದಿತು.

"ಬಿತ್ತಲ್ಲೇ ಆಚೆ! ಕೆಂಪು ಯಾಕೆ?" ಎಂದು ಅತ್ತೆ ನನ್ನ ಸೆರಗು ಜಗ್ಗಿದರು. ನಾನು ವಿವರಿಸಬೇಕಾಯಿತು. ಎಸೆದವರು ವೃತ್ತದ ಹಿಂದಿನ ಅರ್ಧದಿಂದಲೇ ಹೊರಗೆ ಬರಬೇಕು. ಮುಂದಿನಿಂದ ಕಾಲಿಟ್ಟರೆ ಎಸೆತವೇ ಲೆಕ್ಕಕ್ಕಿಲ್ಲ. "ಗೆದ್ದೋಳು ಯಾಕೆ ಹಿಂದಿನಿಂದ ಬರ್ಬೇಕು?" ಎಂದು ಅತ್ತೆ ಕೇಳಿದರು.

ಗುಂಡು ಎಸೆತದ ಮೊದಲ ದಿನ ಮಕ್ಕಳಿಗೆ ಹೇಳಿಕೊಡುವ ನಿಯಮ ಇದು. ಅವಳಿಗೆ ಗೊತ್ತಿಲ್ಲದ್ದಲ್ಲ, ಎಷ್ಟೋ ಕೂಟಗಳಲ್ಲಿ ಸರಿಯಾಗಿಯೇ ಬಂದಿದ್ದಾಳೆ. ಆದರೆ ಸುತ್ತಿ ಎಸೆಯುವುದನ್ನು ಅವಳ ಮೈ ಕಲಿತದ್ದು ನಮ್ಮ ಹಿತ್ತಲಲ್ಲಿ. ಅಲ್ಲಿ ಹಿಂದೆ ಗೋಡೆ. ಹೊರಗೆ ಬರಲು ಇದ್ದದ್ದು ಮುಂದಿನ ದಾರಿ ಮಾತ್ರ. ಪ್ರತಿ ಎಸೆತದ ಮೇಲೂ ನೇರ ಮುಂದೆ ನಡೆದುಹೋಗಿ ಗುಂಡು ಎತ್ತಿಕೊಂಡು ಬರುತ್ತಿದ್ದಳು. ತಲೆ ಎಚ್ಚರವಾಗಿದ್ದಾಗ ಮೈ ನಿಯಮ ಪಾಲಿಸುತ್ತದೆ. ಸಂತೋಷ ಉಕ್ಕಿದಾಗ ತನಗೆ ರೂಢಿಯಾದ ಕಡೆಗೇ ಹೋಗುತ್ತದೆ. ಇದನ್ನು ನಾನು ಕ್ಲಿನಿಕ್ಕಿನಲ್ಲಿ ದಿನಾ ನೋಡುತ್ತೇನೆ. ಅವತ್ತು ಮಾತ್ರ ಆ ಗೋಡೆಯನ್ನು ಅಲ್ಲಿಂದಲೇ ಒದ್ದು ಕೆಡವಬೇಕು ಎನ್ನಿಸಿತು.

ಕೋಚ್ ಅಧಿಕಾರಿಯ ಹತ್ತಿರ ಧಾವಿಸಿ ಕೈ ಬೀಸಿ ವಾದಿಸತೊಡಗಿದ. ಅವಳು ಹೋಗಿ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. "ಕಾಲಿಟ್ಟಿದೀನಿ. ಬಿಡು. ಇನ್ನೊಂದು ಎಸೆತ ಇದೆ" ಎಂದಳು. ಎಲ್ಲರಿಗೂ ಕಂಡ ಆ ಎಸೆತವನ್ನು ಯಾರೂ ಅಳೆಯಲಿಲ್ಲ. ಗುಂಡು ಬಿದ್ದ ಕುಳಿಯನ್ನು ಕುಂಟೆಯಿಂದ ಎಳೆದು ಸಮ ಮಾಡಿದರು.

ಆರನೆಯದಕ್ಕೆ ಅವಳು ವೃತ್ತದೊಳಗೆ ನಿಂತು ಗುಂಡನ್ನು ಕತ್ತಿಗೆ ಒತ್ತಿದಳು. ನಾನು ಅವಳ ಮಂಡಿಯನ್ನೇ ನೋಡುತ್ತಿದ್ದೆ. ಬಗ್ಗಿತು, ತಿರುಗಿತು, ತಡೆಯಿತು. ಗುಂಡು ಹೊರಟಿತು. ಹಳದಿ ಬಾವುಟಕ್ಕಿಂತ ಒಂದು ಗೇಣು ಈಚೆಗೆ ಬಿತ್ತು.

ಮುಗಿಯಿತು. ಪ್ಯಾರಿಸ್ ಇಲ್ಲ. ಇನ್ನು ಅವಳು ಯಾವ ಕಡೆಯಿಂದ ಹೊರಗೆ ಬಂದರೂ ಒಂದೇ. ಅವಳು ಸೊಂಟದ ಮೇಲೆ ಕೈಯಿಟ್ಟು ಆ ಬಾವುಟವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ, ನಿಧಾನವಾಗಿ, ವೃತ್ತದ ಹಿಂದಿನ ಅಂಚಿನಿಂದ ಕಾಲು ಹೊರಗಿಟ್ಟಳು. ಬಿಳಿ ಬಾವುಟ ಎದ್ದಿತು. ಟೇಪ್ ಹಿಡಿದವರು ಅಳೆಯಬೇಕೋ ಬೇಡವೋ ಎಂದು ಮುಖ ಮುಖ ನೋಡಿಕೊಂಡರು.

"ಅಳೀರಿ" ಎಂದಳು.

ಅಳೆದರು. ಅದು ಅವಳ ಜೀವಮಾನದಲ್ಲೇ ಅತಿ ದೂರದ, ನಿಯಮಬದ್ಧವಾದ ಎಸೆತವಾಗಿತ್ತು. ಸಂಖ್ಯೆ ಕೂಗಿದಾಗ ಒಮ್ಮೆ ತಲೆ ಆಡಿಸಿದಳು, ಅಷ್ಟೆ.

ಬೇಲಿಯ ಹತ್ತಿರ ಬಂದಾಗ ಅತ್ತೆ ಗುಂಡು ಜಾರದಿರಲೆಂದು ಸೀಮೆಸುಣ್ಣದ ಪುಡಿ ಮೆತ್ತಿದ್ದ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಆಚೆಗೇ ಬಿದ್ದಿತ್ತು ಮಗಾ, ನಾನ್ ನೋಡ್ದೆ. ಯಾರೇನಾದ್ರೂ ಅಂದ್ಕೊಳ್ಲಿ" ಎಂದರು. ಅವಳು ಬಗ್ಗಿ ಅತ್ತೆಯ ತಲೆಗೆ ತನ್ನ ಹಣೆ ಮುಟ್ಟಿಸಿದಳು. ಅಳುವ ರೋಗಿಗಳನ್ನು ಗದರಿಸುವ ನಾನು, ಗಂಡನ ಎದುರು, ಕಾಲೇಜು ಹುಡುಗರ ಎದುರು, ಗೊಳೋ ಎಂದು ಅತ್ತುಬಿಟ್ಟೆ. ಅವಳು ನನ್ನನ್ನು ಅಳಲು ಬಿಟ್ಟು, ಬಗ್ಗಿ ತನ್ನ ಮಂಡಿ ಮುಟ್ಟಿ ನೋಡಿಕೊಂಡಳು.

"ಸ್ವಲ್ಪ ಊದಿದೆ. ಸೋಮವಾರ ಎಷ್ಟು ಗಂಟೆಗೆ ಬರ್ಲಿ?"

"ಇನ್ನೂ ಯಾತಕ್ಕೆ?" ಎಂದುಬಿಟ್ಟೆ.

"ಬೇಸಿಗೇಲಿ ಕೆನಡಾದ ನ್ಯಾಷನಲ್ಸ್ ಇದೆಯಲ್ಲ."

ಎಂಟಕ್ಕೆ ಬಾ ಎಂದೆ. ಸೋಮವಾರ ನಾನು ಬೇಗನೆ ಹೋಗಿ ಕ್ಲಿನಿಕ್ಕಿನ ಬೀಗ ತೆಗೆಯುವ ಹೊತ್ತಿಗೆ ಅವಳು ಆಗಲೇ ಬಂದು, ಮೆಟ್ಟಿಲ ಮೇಲೆ ಕೂತು ಮಂಡಿ ಮಡಚಿ ಬಿಡಿಸುತ್ತಿದ್ದಳು.